ಮಗಳ ಟೆನಿಸ್ ವರ್ಷವನ್ನು ಜೋಡಿಸುವುದು ಹೇಗೆ: ಒಬ್ಬ ತಾಯಿಯ ಲೆಕ್ಕದ ಪುಸ್ತಕದಿಂದ

ತಿಂಗಳಿಗೆ ಎರಡು ಮೂರು ಸಲವಾದರೂ ಇಂಥ ಫೋನ್ ಬರುತ್ತದೆ. "ಅಕ್ಕಾ, ನಮ್ಮ ಹುಡುಗಿ ಅಂಡರ್-16ರಲ್ಲಿ ಚೆನ್ನಾಗಿ ಆಡ್ತಿದ್ದಾಳೆ. ಇನ್ನು ಪ್ರೊ ಆಡಿಸೋಣ ಅಂತಿದ್ದೀವಿ. ಎಲ್ಲಿಂದ ಶುರು ಮಾಡೋದು?" ನಾನು ಕೋಚ್ ಅಲ್ಲ, ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಫೋರ್‌ಹ್ಯಾಂಡ್ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಮಗಳ ಜೊತೆ ಆರು ವರ್ಷ ಊರೂರು ಸುತ್ತಿದ್ದೇನೆ. ಪ್ರತಿ ವಾರದ ಪಂದ್ಯ, ಪಾಯಿಂಟು, ಖರ್ಚು ಎಲ್ಲವನ್ನೂ ನೀಲಿ ರಟ್ಟಿನ ಪುಸ್ತಕಗಳಲ್ಲಿ ಬರೆದಿಟ್ಟಿದ್ದೇನೆ. ಈಗ ನಾಲ್ಕನೆಯ ಪುಸ್ತಕ ನಡೆಯುತ್ತಿದೆ. ಅವುಗಳನ್ನು ತಿರುವಿ ಹಾಕಿದಾಗಲೆಲ್ಲ ಒಂದೇ ವಿಷಯ ಕಣ್ಣಿಗೆ ಬೀಳುತ್ತದೆ: ನಾವು ಹಿಂದೆ ಬಿದ್ದದ್ದು ಹೆಚ್ಚಾಗಿ ತಪ್ಪು ವಾರ ತಪ್ಪು ಊರಿಗೆ ಹೋಗಿದ್ದರಿಂದ. ಆ ತೀರ್ಮಾನ ಅಪ್ಪ ಅಮ್ಮನದು, ಹುಡುಗಿಯದಲ್ಲ. ಹಾಗಾಗಿ ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಮೆಟ್ಟಿಲುಗಳು

ಮೊದಲು ಏಣಿಯ ಚಿತ್ರ ತಲೆಯಲ್ಲಿ ಗಟ್ಟಿಯಾಗಲಿ. ಅಖಿಲ ಭಾರತ ಟೆನಿಸ್ ಸಂಸ್ಥೆಯ ಅಂಡರ್-12, 14, 16, 18 ಟೂರ್ನಿಗಳು ಎಲ್ಲರಿಗೂ ಗೊತ್ತು. 13 ತುಂಬಿದ ಮೇಲೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಜೂನಿಯರ್ ಟೂರ್ನಿಗಳಿವೆ. ಜೆ30ರಿಂದ ಶುರುವಾಗಿ ಜೆ500ರವರೆಗೆ ಹೋಗುತ್ತವೆ. ವೃತ್ತಿಪರ ಮಹಿಳೆಯರದು ಬೇರೆಯೇ ಸಾಲು, ಸಣ್ಣ ಟೂರ್ನಿಯಿಂದ ದೊಡ್ಡದಕ್ಕೆ: ಡಬ್ಲ್ಯೂ15, ಡಬ್ಲ್ಯೂ35, ಡಬ್ಲ್ಯೂ50, ಡಬ್ಲ್ಯೂ75, ಡಬ್ಲ್ಯೂ100. ಅದರ ಮೇಲೆ ಮಹಿಳಾ ಟೆನಿಸ್ ಸಂಘದ (ಡಬ್ಲ್ಯೂಟಿಎ) 125, 250, 500, 1000. ತುದಿಯಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಮ್.

ಇದರಲ್ಲಿ ಹೊಟ್ಟೆ ತುಂಬುವ ಮೆಟ್ಟಿಲು ಯಾವುದು ಎಂದು ಯಾರೂ ಮೊದಲೇ ಹೇಳುವುದಿಲ್ಲ. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನ ಪ್ರಧಾನ ಸುತ್ತಿನಲ್ಲಿ 128 ಜನ. ಅವರಲ್ಲಿ 104 ಮಂದಿ ರ‍್ಯಾಂಕಿಂಗ್ ಮೇಲೆ ನೇರವಾಗಿ ಬರುತ್ತಾರೆ. ಅರ್ಹತಾ ಸುತ್ತಿನಲ್ಲಿ ಇನ್ನೂ 128 ಜನ ಆಡುತ್ತಾರೆ. ಅಂದರೆ ಸುಮಾರು 230ರೊಳಗೆ ಇದ್ದರೆ ವರ್ಷಕ್ಕೆ ನಾಲ್ಕು ಸಲ ಆ ಬಾಗಿಲು ತಟ್ಟಬಹುದು. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವರಿಗೂ 35,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಡಬ್ಲ್ಯೂ15ರಲ್ಲಿ ಇಡೀ ಟೂರ್ನಿ ಗೆದ್ದವಳಿಗೆ ಸಿಗುವುದು ಎರಡು ಸಾವಿರ ಡಾಲರ್ ಚಿಲ್ಲರೆ. ಮೊದಲ ಸುತ್ತಿನಲ್ಲಿ ಸೋತರೆ 150 ಡಾಲರ್ ಆಸುಪಾಸು. ಈ ಎರಡರ ನಡುವಿನ ದಾರಿಯನ್ನು ಕೈಯಿಂದ ಹಣ ಹಾಕಿಯೇ ದಾಟಬೇಕು. ನಮ್ಮ ಅಂಕಿತಾ ರೈನಾ ಸಿಂಗಲ್ಸ್‌ನಲ್ಲಿ ತನ್ನ ಅತ್ಯುತ್ತಮ ರ‍್ಯಾಂಕ್ 160ಕ್ಕೆ ಬಂದದ್ದು 2020ರಲ್ಲಿ, 27ನೇ ವಯಸ್ಸಿನಲ್ಲಿ. ಹದಿನೆಂಟಕ್ಕೆ ಎಲ್ಲ ತೀರ್ಮಾನ ಆಗಿಬಿಡಬೇಕು ಎಂದು ಮನೆಯಲ್ಲಿ ಗಡಿಯಾರ ತೋರಿಸುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ವಯಸ್ಸಿನ ನಿಯಮವನ್ನೂ ತಿಳಿದಿರಿ. 14 ತುಂಬದೆ ವೃತ್ತಿಪರ ಟೂರ್ನಿ ಆಡುವಂತಿಲ್ಲ. 18ರವರೆಗೆ ವರ್ಷಕ್ಕೆ ಇಷ್ಟೇ ಟೂರ್ನಿ ಎಂಬ ಮಿತಿಯಿದೆ. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 13ನೇ ವಯಸ್ಸಿಗೇ ಟೂರ್‌ಗೆ ಇಳಿದು ಹದಿಹರೆಯದಲ್ಲೇ ಬಳಲಿಹೋದದ್ದನ್ನು ಜಗತ್ತು ನೋಡಿದ ಮೇಲೆ ಈ ನಿಯಮ ಬಿಗಿಯಾಯಿತು. ಅದನ್ನು ಅಡ್ಡಿ ಎಂದು ನೋಡಬೇಡಿ, ಹುಡುಗಿಯ ಪಾಲಿಗೆ ಅದು ಬೇಲಿ.

ಮೊದಲ ಪಾಯಿಂಟ್

ಡಬ್ಲ್ಯೂ15ರ ಪ್ರಧಾನ ಸುತ್ತಿನಲ್ಲಿ 32 ಜನ. ಮೊದಲ ಪಂದ್ಯ ಗೆದ್ದರೆ ಒಂದು ರ‍್ಯಾಂಕಿಂಗ್ ಪಾಯಿಂಟ್, ಎಂಟರ ಘಟ್ಟಕ್ಕೆ ಮೂರು, ಸೆಮಿಫೈನಲ್‌ಗೆ ಆರು, ಫೈನಲ್‌ಗೆ ಹತ್ತು, ಗೆದ್ದವಳಿಗೆ 15. ಡಬ್ಲ್ಯೂ35 ಗೆದ್ದರೆ 35. ಆದರೆ ಒಂದು ಪಾಯಿಂಟ್ ಬಂದ ತಕ್ಷಣ ಹೆಸರು ರ‍್ಯಾಂಕಿಂಗ್ ಪಟ್ಟಿಗೆ ಏರುವುದಿಲ್ಲ. ಮೂರು ಬೇರೆ ಬೇರೆ ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು ಹತ್ತು ಪಾಯಿಂಟ್ ಆಗಿರಬೇಕು. ಎಲ್ಲವೂ 52 ವಾರಗಳೊಳಗೆ. ಆ ಮೇಲೆ ಹಳೆಯ ಪಾಯಿಂಟ್ ಉದುರಿಹೋಗುತ್ತದೆ.

ನನ್ನ ಮಗಳಿಗೆ ಮೊದಲ ಪಾಯಿಂಟ್ ಬಂದು ಎರಡನೆಯದು ಬರಲು ಏಳು ತಿಂಗಳು ಹಿಡಿಯಿತು. ಮೂರನೆಯದು ಬಂದಾಗ ಮೊದಲನೆಯದು ಉದುರಲು ಹದಿನಾರು ದಿನ ಬಾಕಿ ಇತ್ತು. ಆ ಸೋಮವಾರ ಪಟ್ಟಿಯಲ್ಲಿ ಅವಳ ಹೆಸರು ಹುಡುಕುತ್ತಾ ಬೆರಳಿನಲ್ಲಿ ಮೊಬೈಲ್ ಪರದೆ ಎಷ್ಟು ಸಲ ಸರಿಸಿದೆನೋ. ಕೊನೆಗೆ ಕಾಣಿಸಿತು, ಪಟ್ಟಿಯ ತೀರಾ ಕೆಳಗೆ. ಅವಳು ಅಡಿಗೆಮನೆ ಕಟ್ಟೆಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದಳು. ತಟ್ಟೆ ಕೆಳಗಿಟ್ಟು ಒಂದು ಮಾತೂ ಆಡದೆ ನನ್ನನ್ನು ತಬ್ಬಿಕೊಂಡಳು.

ಈ ಪಾಯಿಂಟಿಗೆ ಹೋಗಲು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಐಟಿಎಫ್ ಜೂನಿಯರ್ ಪಟ್ಟಿಯಲ್ಲಿ ಮೊದಲ ನೂರರೊಳಗೆ ಇರುವವರಿಗೆ ಡಬ್ಲ್ಯೂ15ರ ಪ್ರಧಾನ ಸುತ್ತಿನಲ್ಲಿ ಮೀಸಲು ಜಾಗ ಇರುತ್ತದೆ. ಜೂನಿಯರ್ ಟೂರ್ನಿಗಳ ಮುಖ್ಯ ಪ್ರಯೋಜನ ಇದೇ, ಟ್ರೋಫಿ ಅಲ್ಲ. ಎರಡನೆಯದು ಅರ್ಹತಾ ಸುತ್ತು. ಮೂರನೆಯದು ಭಾರತದಲ್ಲೇ ನಡೆಯುವ ಟೂರ್ನಿಗಳ ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ತಾವೇ ಆರಿಸಿ ಕೊಡುವ ಜಾಗ. ಅದಕ್ಕೆ ರಾಷ್ಟ್ರೀಯ ರ‍್ಯಾಂಕಿಂಗ್ ಚೆನ್ನಾಗಿರಬೇಕು. ಆದ್ದರಿಂದ ಐಟಿಎಫ್ ಶುರುವಾಯಿತೆಂದು ದೇಶದೊಳಗಿನ ಮಹಿಳಾ ಟೂರ್ನಿಗಳನ್ನು ಬಿಟ್ಟುಬಿಡಬೇಡಿ.

ಗುರುವಾರ ಸಂಜೆ ಏಳೂವರೆ

ಮೊದಲು ಐಟಿಎಫ್‌ನಲ್ಲಿ ಐಪಿನ್ (ಆಟಗಾರ್ತಿಯ ನೋಂದಣಿ ಸಂಖ್ಯೆ) ಮಾಡಿಸಿ, ಅದನ್ನು ವರ್ಷವರ್ಷ ನವೀಕರಿಸಬೇಕು. ವೃತ್ತಿಪರ ಟೂರ್ನಿಗೆ ಹೆಸರು ಕೊಡುವ ಮೊದಲು ಮ್ಯಾಚ್ ಫಿಕ್ಸಿಂಗ್ ತಡೆಯುವ ಬಗ್ಗೆ ಒಂದು ಆನ್‌ಲೈನ್ ಪಾಠ ಮುಗಿಸಬೇಕು. ಅದನ್ನು ನೀವು ಕೂತು ಮುಗಿಸಬೇಡಿ, ಮಗಳೇ ಓದಲಿ. ಅವಳಿಗೆ ಅದು ಬೇಕಾಗುತ್ತದೆ, ಯಾಕೆ ಎಂದು ಮುಂದೆ ಹೇಳುತ್ತೇನೆ.

ಎಂಟ್ರಿ ಮುಗಿಯುವುದು ಟೂರ್ನಿಯ ಸೋಮವಾರಕ್ಕೆ 18 ದಿನ ಮೊದಲು ಬರುವ ಗುರುವಾರ, ಗ್ರೀನಿಚ್ ಸಮಯ ಮಧ್ಯಾಹ್ನ ಎರಡಕ್ಕೆ. ನಮಗೆ ಅದು ಸಂಜೆ ಏಳೂವರೆ. ವರ್ಷಪೂರ್ತಿ ಏಳೂವರೆಯೇ. ಹೆಸರು ವಾಪಸ್ ತೆಗೆಯುವುದಿದ್ದರೆ 13 ದಿನ ಮೊದಲು ಬರುವ ಮಂಗಳವಾರ, ಅದೇ ಹೊತ್ತಿಗೆ. ಅದು ದಾಟಿದ ಮೇಲೆ ತೆಗೆದರೆ ದಂಡದ ಲೆಕ್ಕ ಶುರುವಾಗುತ್ತದೆ.

ಒಮ್ಮೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಸೊಲ್ಲಾಪುರಕ್ಕೆ ಹೋಗುತ್ತಿದ್ದೆವು. ಮುಂದಿನ ಟೂರ್ನಿಯ ಎಂಟ್ರಿ ಆ ದಿನವೇ ಕೊನೆ. ರಾತ್ರಿ ಹನ್ನೆರಡರವರೆಗೆ ಸಮಯ ಇದೆ ಎಂದುಕೊಂಡು ರೈಲು ಹತ್ತಿದ ಮೇಲೆ ಮಾಡೋಣ ಎಂದು ಬಿಟ್ಟಿದ್ದೆ. ಊಟದ ಡಬ್ಬಿ ತೆಗೆದು ಕೈ ಒರೆಸಿಕೊಂಡು ಫೋನ್ ಹಿಡಿದಾಗ ಎಂಟು ಗಂಟೆ ಹತ್ತು ನಿಮಿಷ. ಮೂರು ವಾರದ ಯೋಜನೆಯಲ್ಲಿ ನಡುವಿನ ವಾರ ಹಾಗೇ ಹೋಯಿತು. ಮಗಳು "ಪರವಾಗಿಲ್ಲ ಅಮ್ಮ" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ನನ್ನ ಫೋನಿನಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಲಾರಂ ಇದೆ. ನೀವೂ ಇವತ್ತೇ ಇಟ್ಟುಕೊಳ್ಳಿ.

ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಹೆಸರು ಕೊಟ್ಟು ಯಾವುದು ಮೊದಲು, ಯಾವುದು ಆಮೇಲೆ ಎಂದು ಆದ್ಯತೆ ಬರೆಯಬಹುದು. ಆ ಸೌಲಭ್ಯ ಬಳಸಿ. ಆದರೆ ವೀಸಾ ಸಿಗದ ಊರನ್ನು ಮೊದಲ ಸಾಲಿನಲ್ಲಿ ಬರೆಯಬೇಡಿ.

ಮೂರು ವಾರದ ಗಂಟು

ಇಲ್ಲಿ ನಿಧಾನವಾಗಿ ಓದಿ, ಹಣವೂ ಮೈಯೂ ಸೋರಿಹೋಗುವುದು ಇಲ್ಲೇ.

ವಾರಕ್ಕೊಂದು ಊರು, ವಾರಕ್ಕೊಂದು ನೆಲ ಎಂದು ಓಡಬೇಡಿ. ಮೂರು ವಾರ ಒಂದೇ ಕಡೆ, ಇಲ್ಲವೇ ಒಂದೇ ರೈಲು ಹಾದಿಯಲ್ಲಿ, ಒಂದೇ ಬಗೆಯ ಅಂಕಣದಲ್ಲಿ ಆಡಿಸಿ. ಆಮೇಲೆ ಒಂದು ವಾರ ಮನೆ. ಟುನೀಸಿಯಾದ ಮೊನಾಸ್ಟಿರ್, ಟರ್ಕಿಯ ಅಂಟಾಲ್ಯ, ಈಜಿಪ್ಟಿನ ಶಾರ್ಮ್ ಎಲ್ ಶೇಖ್ ಇಂಥ ಊರುಗಳಲ್ಲಿ ರೆಸಾರ್ಟ್ ಒಳಗೇ ಅಂಕಣಗಳಿದ್ದು ವಾರದ ಮೇಲೆ ವಾರ ಡಬ್ಲ್ಯೂ15 ನಡೆಯುತ್ತಿರುತ್ತವೆ. ಮೊದಲ ವಾರ ಸೋತರೂ ವಿಮಾನದ ದುಡ್ಡು ವ್ಯರ್ಥವಾಗುವುದಿಲ್ಲ, ಮುಂದಿನ ಸೋಮವಾರ ಮತ್ತೊಂದು ಟೂರ್ನಿ ಇರುತ್ತದೆ. ಭಾರತದಲ್ಲಿ ಬೆಂಗಳೂರು, ಪುಣೆ, ನವಿ ಮುಂಬೈ, ಸೊಲ್ಲಾಪುರ, ಗುರುಗ್ರಾಮ, ಅಹಮದಾಬಾದ್ ಹೀಗೆ ಚಳಿಗಾಲದ ಸುಮಾರಿಗೆ ಸಾಲಾಗಿ ಬಂದರೆ ಅದು ಚಿನ್ನದ ಸಮಯ. ಆ ತಿಂಗಳುಗಳಲ್ಲಿ ಹೊರದೇಶದ ಮೋಹ ಬೇಡ.

ಡಬ್ಲ್ಯೂ15ಕ್ಕೋ ಡಬ್ಲ್ಯೂ35ಕ್ಕೋ? ನನ್ನ ಪುಸ್ತಕದಲ್ಲಿ ಇದಕ್ಕೊಂದು ಕಾಲಂ ಇದೆ: ಗೆದ್ದ ಪಂದ್ಯ, ಸೋತ ಪಂದ್ಯ. ಕೋಚುಗಳು ಬಹಳ ಕಾಲದಿಂದ ಹೇಳುವ ಮಾತು, ಮೂರು ಪಂದ್ಯದಲ್ಲಿ ಎರಡು ಗೆಲ್ಲುತ್ತಿದ್ದರೆ ಸರಿಯಾದ ಮೆಟ್ಟಿಲಲ್ಲಿದ್ದೀರಿ ಎಂದು. ಅದಕ್ಕಿಂತ ಹೆಚ್ಚು ಗೆಲ್ಲುತ್ತಿದ್ದರೆ ಮೇಲೆ ಹತ್ತಿ, ಕಡಿಮೆಯಾದರೆ ಕೆಳಗಿಳಿಯಿರಿ. ಇಳಿಯುವುದಕ್ಕೆ ನಾಚಿಕೆ ಪಡಬೇಡಿ. ಒಂದು ವರ್ಷ ನಾವು ದೊಡ್ಡ ಟೂರ್ನಿಗಳ ಅರ್ಹತಾ ಸುತ್ತುಗಳನ್ನೇ ಹಿಡಿದು ಹೋದೆವು. ಹನ್ನೊಂದು ವಾರದಲ್ಲಿ ಆಡಿದ್ದು ಹದಿನಾಲ್ಕು ಸಿಂಗಲ್ಸ್ ಪಂದ್ಯ, ಗೆದ್ದದ್ದು ಮೂರು. ಮಗಳು ಅಭ್ಯಾಸದಲ್ಲಿ ಹೊಡೆಯುತ್ತಿದ್ದ ಏಟು ಪಂದ್ಯದಲ್ಲಿ ಮರೆತೇಹೋಗಿತ್ತು. 30-40ರಲ್ಲಿ ಎರಡನೇ ಸರ್ವ್ ಹಾಕುವ ಧೈರ್ಯ ಗೆದ್ದು ಗೆದ್ದು ಬರುವಂಥದ್ದು, ನೆಟ್ಸ್‌ನಲ್ಲಿ ಬರುವುದಿಲ್ಲ. ಮರುವರ್ಷ ದೇಶದೊಳಗಿನ ಟೂರ್ನಿಗೆ ವಾಪಸ್ ಬಂದು ಐದು ವಾರದಲ್ಲಿ ಹತ್ತೊಂಬತ್ತು ಪಂದ್ಯ ಆಡಿದಳು. ಆಮೇಲೆಯೇ ಅವಳ ರ‍್ಯಾಂಕ್ ಏರಿದ್ದು.

ಡಬಲ್ಸ್ ಆಡಿಸುವುದನ್ನು ಮರೆಯಬೇಡಿ. ಸಿಂಗಲ್ಸ್ ಮಂಗಳವಾರ ಮುಗಿದುಹೋದರೂ ಡಬಲ್ಸ್ ಇದ್ದರೆ ಗುರುವಾರದವರೆಗೆ ಪಂದ್ಯ ಸಿಗುತ್ತದೆ, ಅಭ್ಯಾಸಕ್ಕೆ ಅಂಕಣ ಸಿಗುತ್ತದೆ, ಜೊತೆಗಾರ್ತಿಯೊಡನೆ ಹೋಟೆಲ್ ಕೋಣೆ ಹಂಚಿಕೊಳ್ಳಬಹುದು. ಸಾನಿಯಾ ಮಿರ್ಜಾ ಸಿಂಗಲ್ಸ್‌ನಲ್ಲಿ 2007ರಲ್ಲಿ 27ನೇ ರ‍್ಯಾಂಕ್ ಮುಟ್ಟಿದ್ದಳು. ಗಾಯಗಳ ನಂತರ ಡಬಲ್ಸ್‌ಗೇ ನಿಂತು 2015ರ ಏಪ್ರಿಲ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಬಂದಳು. ಡಬಲ್ಸ್ ಎಂದರೆ ಸೋತವರ ಆಟ ಎನ್ನುವವರನ್ನು ಮನೆಯ ಹತ್ತಿರ ಸೇರಿಸಬೇಡಿ.

ಗಟ್ಟಿಂಗ್

ಟೂರ್ನಿಯ ಮಾಹಿತಿ ಹಾಳೆಯಲ್ಲಿ ಅಂಕಣ ಯಾವುದು, ಯಾವ ಕಂಪನಿಯ ಚೆಂಡು, ಹತ್ತಿರದ ನಿಲ್ದಾಣ ಯಾವುದು ಎಲ್ಲ ಇರುತ್ತದೆ. ಚೆಂಡಿನ ಹೆಸರು ನೋಡಿ, ಅದೇ ಚೆಂಡು ಎರಡು ಮೂರು ಡಬ್ಬಿ ತಂದು ಹೋಗುವ ಮೊದಲಿನ ವಾರ ಅದರಲ್ಲೇ ಆಡಿಸಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡು ಹಾರುತ್ತದೆ. ಕಬ್ಬನ್ ಪಾರ್ಕ್‌ನ ರಾಜ್ಯ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ಒಮ್ಮೆ ನನ್ನ ಮಗಳು ಮೊದಲ ಸೆಟ್ 2-6ರಲ್ಲಿ ಕಳೆದುಕೊಂಡಳು. ಫೋರ್‌ಹ್ಯಾಂಡ್ ಎಲ್ಲವೂ ಬೇಸ್‌ಲೈನ್‌ನಿಂದ ಒಂದು ಅಡಿ ಆಚೆ. ಸೆಟ್ ಮುಗಿದಾಗ ಬ್ಯಾಗಿನಿಂದ ಕೆಂಪು ದಾರ ಕಟ್ಟಿದ ರ‍್ಯಾಕೆಟ್ ತೆಗೆದಳು. ಹಿಡಿಯ ಕೆಳಗೆ ಕೆಂಪು ದಾರ ಇದ್ದರೆ ತಂತಿಯ ಬಿಗಿತ 54 ಪೌಂಡ್, ಹಸಿರಾದರೆ 51. ಹಿಂದಿನ ರಾತ್ರಿ ಯಾವುದಕ್ಕೂ ಇರಲಿ ಎಂದು ಒಂದನ್ನು ಬಿಗಿಯಾಗಿ ಗಟ್ಟಿಂಗ್ ಮಾಡಿಸಿದ್ದೆವು, ಅಂದರೆ ತಂತಿ ಕಟ್ಟಿಸಿದ್ದೆವು. ಎರಡನೇ ಸೆಟ್‌ನಿಂದ ಅದೇ ಏಟು ಗೆರೆಯೊಳಗೆ ಬೀಳತೊಡಗಿತು. ಪಂದ್ಯ ಗೆದ್ದದ್ದು ಅವಳು, ಆದರೆ ಆ ಕೆಂಪು ದಾರಕ್ಕೂ ಒಂದಿಷ್ಟು ಪಾಲಿದೆ. ಎತ್ತರದ ಊರಿಗೆ ಎರಡು ಮೂರು ಪೌಂಡ್ ಬಿಗಿ, ತಗ್ಗಿನ ಊರಿಗೆ, ಚಳಿ ಇದ್ದರೆ, ಭಾರದ ಚೆಂಡಿದ್ದರೆ ಸಡಿಲ. ಎಲ್ಲವನ್ನೂ ಬರೆದಿಡಿ. ಮುಂದಿನ ವರ್ಷ ಅದೇ ಊರಿಗೆ ಹೋದಾಗ ಪುಸ್ತಕ ಉತ್ತರ ಹೇಳುತ್ತದೆ.

ದುಡ್ಡು

ನಮ್ಮ ಪುಸ್ತಕದ ಪ್ರಕಾರ ಭಾರತದೊಳಗೆ ಒಂದು ವಾರ ಇಬ್ಬರಿಗೆ ರೈಲು, ಹೋಟೆಲ್, ಊಟ, ಗಟ್ಟಿಂಗ್, ಆಟೋ ಸೇರಿ ಮೂವತ್ತು ಸಾವಿರದ ಮೇಲೆ ಕೆಳಗೆ. ಮೊನಾಸ್ಟಿರ್‌ನ ಮೂರು ವಾರಕ್ಕೆ ಇಬ್ಬರಿಗೆ ನಾಲ್ಕು ಲಕ್ಷದ ಹತ್ತಿರ ಹೋಯಿತು. ಗೆದ್ದು ತಂದದ್ದನ್ನು ಇದರ ಪಕ್ಕ ಬರೆದಾಗ ಕಣ್ಣು ತೇವವಾಗುತ್ತದೆ. ಆದರೂ ಬರೆಯಿರಿ. ವರ್ಷದ ಶುರುವಿನಲ್ಲೇ ಒಂದು ಮೊತ್ತ ಗೆರೆ ಎಳೆದು ಇಟ್ಟುಕೊಳ್ಳಿ, ಆ ಗೆರೆಯೊಳಗೆ ವಾರಗಳನ್ನು ಹಂಚಿ. ಮನೆ ಅಡವಿಟ್ಟು ಆಡಿಸುವವರನ್ನು ನೋಡಿದ್ದೇನೆ. ಆ ಸಾಲದ ಭಾರವನ್ನು ಹುಡುಗಿ ಪ್ರತಿ ಬ್ರೇಕ್ ಪಾಯಿಂಟಿನಲ್ಲೂ ಹೊರುತ್ತಾಳೆ. ದಯವಿಟ್ಟು ಹಾಗೆ ಮಾಡಬೇಡಿ. ಖರ್ಚಿನ ಅಂಕಿಯನ್ನು ಅವಳ ಎದುರು ಸೋತ ದಿನ ಎತ್ತಲೂ ಬೇಡಿ.

ಅಮೆರಿಕದ ಕಾಲೇಜು ದಾರಿಯನ್ನು ಗೌರವದಿಂದ ನೋಡಿ. ವಿದ್ಯಾರ್ಥಿವೇತನದ ಮೇಲೆ ನಾಲ್ಕು ವರ್ಷ ಓದು, ಕೋಚ್, ಫಿಸಿಯೋ, ಪಂದ್ಯ ಎಲ್ಲ ಸಿಗಬಹುದು. ಋತುಜಾ ಭೋಸಲೆ ಟೆಕ್ಸಾಸ್ ಎ ಅಂಡ್ ಎಂನಲ್ಲಿ ಆಡಿ ಬಂದು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದಳು. ಸಹಜಾ ಯಮಲಪಲ್ಲಿ ಕೂಡ ಕಾಲೇಜಿನಿಂದಲೇ ಬಂದವಳು. ಈ ದಾರಿ ಬೇಕೆನಿಸಿದರೆ ಬಹುಮಾನದ ಹಣ, ಖರ್ಚಿನ ರಸೀದಿ ಎಲ್ಲವನ್ನೂ ಹದಿನೈದನೇ ವಯಸ್ಸಿನಿಂದಲೇ ಜೋಪಾನ ಮಾಡಿ. ಕಾಲೇಜಿನವರು ಕೇಳುತ್ತಾರೆ. ಪಿಯುಸಿ ಮುಗಿದ ಮೇಲೆ ಎರಡು ವರ್ಷ ಪ್ರೊ ಆಡಿಸಿ ನೋಡೋಣ ಎಂದು ಕಾಯುವ ಮೊದಲು ಅವರ ನಿಯಮ ಕೇಳಿಕೊಳ್ಳಿ.

ಮೈ, ಮಾತ್ರೆ, ಫೋನು

ಮುಟ್ಟಿನ ಲೆಕ್ಕವನ್ನು ವೇಳಾಪಟ್ಟಿಯ ಪಕ್ಕದಲ್ಲೇ ಇಡಿ. ನಾನು ಇದನ್ನು ತಡವಾಗಿ ಕಲಿತೆ. ಮಗಳಿಗೆ 17ರಲ್ಲಿ ಮೂರು ತಿಂಗಳು ಮುಟ್ಟು ನಿಂತಾಗ "ಆಟ ಜಾಸ್ತಿ ಆಗಿದೆ, ಸರಿಹೋಗುತ್ತದೆ" ಎಂದು ನಾವೇ ಸಮಾಧಾನ ಮಾಡಿಕೊಂಡೆವು. ಆಮೇಲೆ ಪಾದದ ಮೂಳೆಯಲ್ಲಿ ಸಣ್ಣ ಬಿರುಕು ಬಂದು ಐದು ತಿಂಗಳು ಕೂತಳು. ಅವಳು ತಿನ್ನುತ್ತಿದ್ದುದು ಅವಳು ಸುಡುತ್ತಿದ್ದುದಕ್ಕಿಂತ ಕಡಿಮೆಯಿತ್ತು ಎಂದು ವೈದ್ಯರು ಬಿಡಿಸಿ ಹೇಳಿದರು. ಮುಟ್ಟು ತಪ್ಪಿದರೆ ವೈದ್ಯರ ಹತ್ತಿರ ಹೋಗಿ, ಕಾಯಬೇಡಿ. ವರ್ಷಕ್ಕೆರಡು ಸಲ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ) ಕೂಡ ನೋಡಿಸಿ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಈಗ ನಮ್ಮ ಸೂಟ್‌ಕೇಸಿನಲ್ಲಿ ಸಣ್ಣ ಕರೆಂಟ್ ಕುಕ್ಕರ್, ಅವಲಕ್ಕಿ, ಹುರಿಹಿಟ್ಟು, ಹುರಿಗಡಲೆ, ಕಡಲೆಕಾಯಿ ಚಿಕ್ಕಿ ಯಾವಾಗಲೂ ಇರುತ್ತದೆ. ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಬೀಳಲೇಬೇಕು ಎಂಬುದು ನಮ್ಮ ಕಾಯಿದೆ.

ಔಷಧಿ ಅಂಗಡಿಯಿಂದ ಕೇಳಿ ತಂದ ಶೀತದ ಮಾತ್ರೆ ಕೊಡಬೇಡಿ. ಕೆಲವು ಮೂಗುಕಟ್ಟಿನ ಮಾತ್ರೆಗಳಲ್ಲಿರುವ ಸ್ಯೂಡೊಎಫೆಡ್ರಿನ್ ಮಿತಿ ಮೀರಿದರೆ ಪಂದ್ಯದ ದಿನಗಳಲ್ಲಿ ನಿಷಿದ್ಧ. ಏನು ಸೇರಿಸಿದ್ದಾರೆ ಎಂದು ಬರೆಯದ ಪುಡಿ, ಲೇಹ್ಯ, ಜಿಮ್‌ನವರು ಕೊಡುವ ಡಬ್ಬಿ ಯಾವುದೂ ಬೇಡ. ಮೂತ್ರದಲ್ಲಿ ಸಿಕ್ಕಿದ್ದಕ್ಕೆ ಆಟಗಾರ್ತಿಯೇ ಹೊಣೆ, ಅಮ್ಮ ಕೊಟ್ಟಳು ಎಂದರೆ ಬಿಡುವುದಿಲ್ಲ.

ಫೋನಿನ ವಿಷಯ. ಡಬ್ಲ್ಯೂ15ರ ಮೊದಲ ಸುತ್ತಿನ ಪಂದ್ಯಕ್ಕೂ ಬಾಜಿ ಕಟ್ಟುವವರಿದ್ದಾರೆ. ಸೋತ ರಾತ್ರಿ ಯಾವುದೋ ದೇಶದ ಅಪರಿಚಿತ ಗಂಡಸು ಹತ್ತೊಂಬತ್ತರ ಹುಡುಗಿಗೆ ಸಾವಿನ ಶಾಪ ಹಾಕಿ ಬರೆಯುತ್ತಾನೆ. ನನ್ನ ಮಗಳು ಅಂಥದ್ದನ್ನು ಮೂರು ತಿಂಗಳು ನನಗೆ ಹೇಳಿರಲಿಲ್ಲ. ಪಂದ್ಯದ ದಿನ ಸಂದೇಶ ಪೆಟ್ಟಿಗೆ ಮುಚ್ಚಿಡಲಿ, ಬಂದದ್ದನ್ನು ಅಳಿಸದೆ ಚಿತ್ರ ತೆಗೆದು ಟೂರ್ನಿಯ ಸೂಪರ್‌ವೈಸರ್‌ಗೆ ಕೊಡಲಿ. ಯಾರಾದರೂ "ಒಂದು ಸೆಟ್ ಬಿಟ್ಟುಕೊಡು" ಎಂದು ಹತ್ತಿರ ಬಂದರೆ ಒಪ್ಪದಿದ್ದರೆ ಸಾಲದು, ವರದಿ ಮಾಡಲೇಬೇಕು. ಮಾಡದಿರುವುದೂ ಅಪರಾಧ. ಆ ಆನ್‌ಲೈನ್ ಪಾಠ ಅವಳೇ ಓದಲಿ ಅಂದದ್ದು ಇದಕ್ಕೇ.

ಕೊನೆಯ ಕಾಲಂ

ನನ್ನ ವೇಳಾಪಟ್ಟಿಯ ಹಾಳೆಯಲ್ಲಿ ವಾರ, ಊರು, ಅಂಕಣ, ಚೆಂಡು, ಎಂಟ್ರಿ ದಿನ, ಖರ್ಚು ಇಷ್ಟೇ ಇದ್ದವು. ಪಾದದ ಗಾಯದ ನಂತರ ಬಲತುದಿಯಲ್ಲಿ ಇನ್ನೊಂದು ಕಾಲಂ ಎಳೆದೆವು. ಅದನ್ನು ಮಗಳು ಮಾತ್ರ ತುಂಬುತ್ತಾಳೆ, ಪೆನ್ಸಿಲಿನಲ್ಲಿ. "ಹೌದು", "ಬೇಡ", ಕೆಲವೊಮ್ಮೆ "ಗೊತ್ತಿಲ್ಲ". ಬೇಡ ಅಂದ ವಾರ ನಾನು ಕಾರಣ ಕೇಳುವುದಿಲ್ಲ. ಗೊತ್ತಿಲ್ಲ ಅಂದರೆ ಬುಧವಾರ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಮಾತಾಡುತ್ತೇವೆ, ಯಾಕೆಂದರೆ ಗುರುವಾರ ಏಳೂವರೆಗೆ ಬಾಗಿಲು ಮುಚ್ಚುತ್ತದೆ. ನಿಮ್ಮ ಹಾಳೆಯಲ್ಲೂ ಆ ಕಾಲಂ ಎಳೆಯಿರಿ, ಬೇರೆ ಯಾವುದನ್ನೂ ತುಂಬುವ ಮೊದಲು.